ಡ್ರ್ಯಾಗನ್ ಟ್ಯಾಟೂ: ಯಾರ ಡ್ರ್ಯಾಗನ್, ಎಷ್ಟು ಬೆರಳು, ಯಾವ ಕಡೆ ಮುಖ?

ಖಾಲಿತೋಳು

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಡ್ರ್ಯಾಗನ್ ಟ್ಯಾಟೂ ಮಾಡಿಸಬೇಕು ಅಂತ ಆಸೆ ಇಟ್ಟುಕೊಂಡಿದ್ದೇನೆ. ಭುಜದಿಂದ ಮೊಣಕೈವರೆಗೆ. ಇದು ನನ್ನ ಮೊದಲ ಟ್ಯಾಟೂ. ಅವಸರ ಏನಿಲ್ಲ, ಆದರೆ ಮನಸ್ಸು ಗಟ್ಟಿಯಾಗಿದೆ.

ಚಿತ್ರ ನಾನೇ ಬರೆದಿದ್ದೇನೆ. ಹಾವಿನಂಥ ಉದ್ದ ಮೈ, ಬಾವಲಿಯ ರೆಕ್ಕೆ, ಐದು ಬೆರಳಿನ ಪಂಜ, ಪಂಜದಲ್ಲಿ ಒಂದು ಮುತ್ತು. ಸುತ್ತ ಮೋಡ, ಬಾಯಲ್ಲಿ ಬೆಂಕಿ. ಚಿತ್ರ ಬರೆಯುವ ಗೆಳೆಯನೊಬ್ಬನಿಗೆ ತೋರಿಸಿದೆ. ಅವನು ತುಂಬಾ ಹೊತ್ತು ನೋಡಿ, "ಚೆನ್ನಾಗಿದೆ. ಆದರೆ ಇದು ಯಾರ ಡ್ರ್ಯಾಗನ್?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆವತ್ತಿನಿಂದ ಆ ಪ್ರಶ್ನೆ ತಲೆಯಿಂದ ಹೋಗಿಲ್ಲ.

ಮಾಡಿಸುವುದಕ್ಕೆ ನನಗೊಂದು ಸ್ವಂತ ಕಾರಣ ಇದೆ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಯಾವ ಡ್ರ್ಯಾಗನ್ ಏನು ಹೇಳುತ್ತದೆ ಅಂತ ತಿಳಿದವರು ತಿಳಿಸಿ.

ಸೂಜಿಮೊನೆ

ಹನ್ನೊಂದು ವರ್ಷದಿಂದ ಟ್ಯಾಟೂ ಹಾಕುವುದೇ ನನ್ನ ಕೆಲಸ. ನಿಮ್ಮ ಗೆಳೆಯ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ.

ನಿಮ್ಮ ಚಿತ್ರದಲ್ಲಿ ಎರಡು ಬೇರೆ ಬೇರೆ ಪ್ರಾಣಿಗಳು ಸೇರಿಕೊಂಡಿವೆ. ಬಾವಲಿ ರೆಕ್ಕೆ, ಉಗುಳುವ ಬೆಂಕಿ ಯುರೋಪಿನವು. ಹಾವಿನ ಮೈ, ಮುತ್ತು, ಮೋಡ ಪೂರ್ವ ಏಷ್ಯಾದವು. ಚೀನಾದ ಡ್ರ್ಯಾಗನ್‌ಗೆ ಹಾರಲು ರೆಕ್ಕೆ ಬೇಕಾಗಿಲ್ಲ. ಯಿಂಗ್‌ಲೊಂಗ್ ಅಂತ ರೆಕ್ಕೆ ಇರುವ ಒಂದು ಹಳೆಯ ಜಾತಿ ಉಂಟು, ಅದು ಬಿಟ್ಟರೆ ಉಳಿದವು ಸುಮ್ನೆ ಮೋಡದಲ್ಲಿ ಈಜುತ್ತವೆ. ಅದು ಮಳೆ ತರುವ ಪ್ರಾಣಿ. ನದಿ, ಸಮುದ್ರ, ಮೋಡ ಅದರ ಮನೆ. ಯುರೋಪಿನದು ಹೆಚ್ಚಾಗಿ ಗುಹೆಯಲ್ಲಿ ಚಿನ್ನದ ರಾಶಿ ಕಾಯುತ್ತಾ ಮಲಗಿರುವ ಪ್ರಾಣಿ. ಒಂದು ನೀರು ಕೊಡುತ್ತದೆ, ಇನ್ನೊಂದು ಊರು ಸುಡುತ್ತದೆ. ಎರಡನ್ನೂ ಒಂದೇ ಮೈಗೆ ಅಂಟಿಸಿದರೆ ನೋಡಲು ಚೆಂದ ಇರಬಹುದು, ಆದರೆ ಅದು ಯಾವ ಮಾತನ್ನೂ ಪೂರ್ತಿ ಹೇಳುವುದಿಲ್ಲ.

ಇನ್ನು ಬೆರಳು. ಇದನ್ನು ಹಗುರವಾಗಿ ತಗೋಬೇಡಿ. ಚೀನಾದಲ್ಲಿ ಐದು ಬೆರಳಿನದು ಚಕ್ರವರ್ತಿಯ ಡ್ರ್ಯಾಗನ್. ಐದು ಬೆರಳು, ಎರಡು ಕೊಂಬು ಇರುವ ಡ್ರ್ಯಾಗನ್ ಚಿತ್ರದ ಬಟ್ಟೆಯನ್ನು ಸಾಮಾನ್ಯರು ಹಾಕಬಾರದು ಅಂತ ಯುವಾನ್ ರಾಜವಂಶದ ಕಾಲದಲ್ಲೇ ನಿಯಮ ಇತ್ತು. ಮಿಂಗ್ ಕಾಲದಲ್ಲಿ ದೊಡ್ಡ ಅಧಿಕಾರಿಗಳಿಗೆ ಉಡುಗೊರೆಯಾಗಿ ಕೊಡುತ್ತಿದ್ದ ನಿಲುವಂಗಿಯ ಮೇಲೆ ನಾಲ್ಕು ಬೆರಳಿನದು ಇರುತ್ತಿತ್ತು. ಅದಕ್ಕೆ ಹೆಸರೇ ಬೇರೆ, ಮಾಂಗ್. ಜಪಾನಿನ ಡ್ರ್ಯಾಗನ್‌ಗೆ ಸಾಮಾನ್ಯವಾಗಿ ಮೂರೇ ಬೆರಳು.

ಗುಬ್ಬಿಗೂಡು

ಹಾಗಾದರೆ ಮೂರು ಬೆರಳಿನದು ಐದು ಬೆರಳಿನದಕ್ಕಿಂತ ಕಡಿಮೆಯಾ?

ಸೂಜಿಮೊನೆ

ಖಂಡಿತ ಅಲ್ಲ. ಈ ಬಗ್ಗೆ ಒಂದು ಮುದ್ದಾದ ಕಥೆ ಇದೆ. ಡ್ರ್ಯಾಗನ್ ಹುಟ್ಟಿದ್ದು ನಮ್ಮಲ್ಲಿ, ತವರು ಬಿಟ್ಟು ದೂರ ಹೋದಂತೆಲ್ಲ ಬೆರಳು ಕಳೆದುಕೊಂಡಿತು ಅಂತ ಚೀನಾ ಕಡೆಯ ಮಾತು. ಹುಟ್ಟಿದ್ದು ನಮ್ಮಲ್ಲಿ, ದೂರ ಹೋದಂತೆಲ್ಲ ಬೆರಳು ಜಾಸ್ತಿಯಾದವು ಅಂತ ಜಪಾನಿನ ಮಾತು. ಎಣಿಸುವುದು ಅದೇ ಬೆರಳನ್ನು, ಅಲ್ವಾ? ನಾನು ಯಾವಾಗಲೂ ಹೇಳುವುದು ಇಷ್ಟೇ: ಜಪಾನಿ ಶೈಲಿ ಆರಿಸಿದರೆ ಮೂರು ಹಾಕಿಸಿ, ಚೀನಾದ ಅರಮನೆಯ ಶೈಲಿ ಆರಿಸಿದರೆ ಐದು. ಎಣಿಸುವ ಕಣ್ಣು ಇರುವವರು ಮೊದಲು ಪಂಜವನ್ನೇ ನೋಡುತ್ತಾರೆ.

ಹಳೆಪುಟ

ಮೈಯ ವಿವರ ನಾನು ಹೇಳುತ್ತೇನೆ. ಇದು ನನ್ನ ಇಷ್ಟದ ವಿಷಯ.

ಚೀನಾದ ಹಳೆಯ ಲೆಕ್ಕದಲ್ಲಿ ಡ್ರ್ಯಾಗನ್‌ಗೆ ಒಂಬತ್ತು ಹೋಲಿಕೆಗಳು. ಜಿಂಕೆಯ ಕೊಂಬು, ಒಂಟೆಯ ತಲೆ, ದೆವ್ವದ ಕಣ್ಣು, ಹಾವಿನ ಕತ್ತು, ಕಪ್ಪೆಚಿಪ್ಪಿನ ಹುಳುವಿನ ಹೊಟ್ಟೆ, ಕಾರ್ಪ್ ಮೀನಿನ ಹುರುಪೆ, ಹದ್ದಿನ ಉಗುರು, ಹುಲಿಯ ಅಂಗಾಲು, ಎತ್ತಿನ ಕಿವಿ. ಮೈಮೇಲೆ 117 ಹುರುಪೆ. ಅದರಲ್ಲಿ 81 ಯಾಂಗ್ (ಬೆಳಕು, ಬಿಸಿಯ ಗುಣ), 36 ಯಿನ್ (ಕತ್ತಲು, ತಂಪಿನ ಗುಣ). ಎರಡೂ ಒಂಬತ್ತರ ಮಗ್ಗಿಯಲ್ಲೇ ಬರುತ್ತವೆ. ಒಂಬತ್ತು ಅಂದರೆ ಅವರಿಗೆ ಯಾಂಗ್‌ನ ದೊಡ್ಡ ಸಂಖ್ಯೆ.

ನನಗೆ ತುಂಬಾ ಹಿಡಿಸಿದ್ದು ಗಂಟಲ ಕೆಳಗಿನ ಹುರುಪೆ. ಕ್ರಿ.ಪೂ. 3ನೇ ಶತಮಾನದ ಚೀನಾದ ಚಿಂತಕ ಹಾನ್ ಫೇ ಬರೆಯುತ್ತಾನೆ: ಡ್ರ್ಯಾಗನ್ ಸಾಧು ಪ್ರಾಣಿ, ಪಳಗಿಸಿ ಮೇಲೆ ಕೂತು ಸವಾರಿ ಕೂಡ ಮಾಡಬಹುದು. ಆದರೆ ಗಂಟಲ ಕೆಳಗೆ ತಿರುವುಮುರುವಾಗಿ ಬೆಳೆದ ಹುರುಪೆ ಇರುತ್ತದೆ. ಅದನ್ನು ಮುಟ್ಟಿದವನು ಉಳಿಯುವುದಿಲ್ಲ. ಅವನು ಹೇಳುತ್ತಿದ್ದದ್ದು ರಾಜನ ಜೊತೆ ಹೇಗೆ ಮಾತಾಡಬೇಕು ಅಂತ. ನನಗೆ ಮಾತ್ರ ಅದು ಎಲ್ಲ ಮನುಷ್ಯರ ಬಗ್ಗೆ ಹೇಳಿದಂತೆ ಕೇಳುತ್ತದೆ. ನನ್ನ ಬೆನ್ನಿನ ಮೇಲಿರುವ ಡ್ರ್ಯಾಗನ್‌ನಲ್ಲಿ ಆ ಒಂದು ಹುರುಪೆಯನ್ನು ಬೇರೆ ದಿಕ್ಕಿಗೆ ತಿರುಗಿಸಿ ಹಾಕಿಸಿದ್ದೇನೆ. ಹೇಳಿದರೆ ಮಾತ್ರ ಕಾಣುತ್ತದೆ. ಎರಡು ಬೆರಳಗಲ ಇರಬಹುದು. ಬಟ್ಟೆ ಹಾಕುವಾಗ ಕನ್ನಡಿಯಲ್ಲಿ ಕಂಡರೆ ಈಗಲೂ ಸಂತೋಷವಾಗುತ್ತದೆ.

ಮುತ್ತಿನ ವಿಷಯ: ಅದಕ್ಕೆ ಒಂದೇ ಅರ್ಥ ಇಲ್ಲ. ಜ್ಞಾನ ಅನ್ನುತ್ತಾರೆ, ಚಂದ್ರ ಅನ್ನುತ್ತಾರೆ, ಬೌದ್ಧರು ಬಯಸಿದ್ದನ್ನು ಕೊಡುವ ಮಣಿ ಅನ್ನುತ್ತಾರೆ. ಭೂತಾನಿನ ಧ್ವಜದಲ್ಲಿರುವ ಬಿಳಿ ಡ್ರ್ಯಾಗನ್, ಅಂದರೆ ದ್ರುಕ್, ಪಂಜಗಳಲ್ಲಿ ಮಣಿ ಹಿಡಿದಿದೆ. ಅಲ್ಲಿ ಅದು ನಾಡಿನ ಸಂಪತ್ತು.

ಗುಬ್ಬಿಗೂಡು

ನಾಗ ಮತ್ತು ಡ್ರ್ಯಾಗನ್ ಒಂದೇನಾ? ತುಂಬಾ ದಿನದಿಂದ ಕೇಳಬೇಕು ಅಂತಿದ್ದೆ.

ಹಳೆಪುಟ

ಹುಟ್ಟು ಬೇರೆ. ಆದರೆ ಬೌದ್ಧ ಸೂತ್ರಗಳು ಚೀನೀ ಭಾಷೆಗೆ ಹೋದಾಗ ಅನುವಾದಕರು ನಾಗ ಅನ್ನುವ ಮಾತಿಗೆ ಲೊಂಗ್ ಅಂತಲೇ ಬಳಸಿದರು. ನಾಗರಾಜರು ಅಲ್ಲಿ ಡ್ರ್ಯಾಗನ್ ರಾಜರಾದರು. ಎರಡೂ ನೀರಿನ ಒಡೆಯರು, ಹಾಗಾಗಿ ಸಲೀಸಾಗಿ ಹೊಂದಿಕೊಂಡವು.

ಅಲೆಗೆರೆ

ಜಪಾನಿನ ಭಾಗ ನನಗೆ ಬಿಡಿ. ಇವತ್ತು ಜಗತ್ತಿನ ಎಲ್ಲ ಕಡೆ ಕಾಣುವ ದೊಡ್ಡ ಡ್ರ್ಯಾಗನ್ ಟ್ಯಾಟೂಗಳ ರೂಪ ಹೆಚ್ಚಾಗಿ ಅಲ್ಲಿಂದಲೇ ಬಂದದ್ದು.

ದೊಡ್ಡ ತಿರುವು 1827ರ ಸುಮಾರಿಗೆ. ಉತಗಾವಾ ಕುನಿಯೋಶಿ ಅನ್ನುವ ಚಿತ್ರಕಾರ 'ಸುಯಿಕೋದೆನ್' ವೀರರ ಮರದಚ್ಚಿನ ಚಿತ್ರಗಳನ್ನು ಹೊರತಂದ. ಮೂಲ ಕಥೆ ಚೀನಾದ್ದು, 108 ಬಂಡುಕೋರರದ್ದು. ಅದರಲ್ಲಿ ಶಿ ಜಿನ್ ಅನ್ನುವ ತರುಣನ ಮೈಮೇಲೆ ಒಂಬತ್ತು ಡ್ರ್ಯಾಗನ್ ಹಚ್ಚೆ. ಅವನ ಅಡ್ಡಹೆಸರೂ ಅದೇ. ಕಥೆಯಲ್ಲಿ ಹಚ್ಚೆ ಇದ್ದದ್ದು ಕೆಲವರಿಗೆ ಮಾತ್ರ. ಕುನಿಯೋಶಿ ಇನ್ನೂ ಹಲವರ ಮೈತುಂಬ ಹಚ್ಚೆ ಬರೆದ. ಎದೊ ನಗರದ (ಈಗಿನ ಟೋಕಿಯೊ) ಜನ ಆ ಚಿತ್ರ ನೋಡಿ ಹಾಗೇ ಬೇಕು ಅಂತ ಹಚ್ಚೆಗಾರರ ಹತ್ತಿರ ಹೋದರು.

ಅದರಲ್ಲೂ ಬೆಂಕಿ ಆರಿಸುವವರು, ಅಂದರೆ ಹಿಕೇಶಿಗಳು. ಅವರಿಗೆ ಡ್ರ್ಯಾಗನ್ ಅಂದರೆ ನೀರು. ಬೆನ್ನ ಮೇಲೆ ನೀರಿನ ಒಡೆಯ ಇದ್ದರೆ ಬೆಂಕಿ ಏನೂ ಮಾಡದು ಅನ್ನುವ ನಂಬಿಕೆ. ಅವರ ದಪ್ಪ ಹತ್ತಿ ಕೋಟಿನ ಒಳಮೈಯಲ್ಲೂ ಡ್ರ್ಯಾಗನ್, ವೀರರ ಚಿತ್ರಗಳು. ಬೆಂಕಿಗೆ ಹೋಗುವ ಮುಂಚೆ ಕೋಟನ್ನು ನೀರಲ್ಲಿ ನೆನೆಸುತ್ತಿದ್ದರು. ಚಿತ್ರ ಒಳಗಡೆ, ಮೈಗೆ ತಾಗಿಕೊಂಡು. ಕೆಲಸ ಮುಗಿದ ಮೇಲೆ ಕೋಟನ್ನು ತಿರುವಿ, ಚಿತ್ರ ಹೊರಗೆ ಕಾಣುವಂತೆ ಹಾಕಿಕೊಂಡು ನಡೆಯುತ್ತಿದ್ದರು. ಒಳಗೆ ಒದ್ದೆ ಡ್ರ್ಯಾಗನ್, ಹೊರಗೆ ಉರಿಯುವ ಊರು. ನನಗೆ ಡ್ರ್ಯಾಗನ್ ಟ್ಯಾಟೂ ಅಂದರೆ ಮೊದಲು ನೆನಪಾಗುವುದು ಅದೇ.

1872ರಲ್ಲಿ ಮೇಜಿ ಸರ್ಕಾರ ಹಚ್ಚೆಯನ್ನು ನಿಷೇಧಿಸಿತು. ಹೊರದೇಶದವರ ಕಣ್ಣಿಗೆ ನಾವು ಕಾಡುಜನರಂತೆ ಕಾಣಬಾರದು ಅನ್ನುವ ಚಿಂತೆ ಅದರ ಹಿಂದೆ ಇತ್ತು. ಆದರೆ ಅದೇ ಹೊರದೇಶದವರು ಅಲ್ಲಿಗೇ ಬಂದು ಹಚ್ಚೆ ಹಾಕಿಸಿಕೊಂಡು ಹೋದರು. 1881ರಲ್ಲಿ ಬ್ರಿಟನ್ನಿನ ರಾಜಕುಮಾರ ಜಾರ್ಜ್, ಮುಂದೆ ಐದನೇ ಜಾರ್ಜ್ ದೊರೆಯಾದವನು, ತೋಳಿನ ಮೇಲೆ ಡ್ರ್ಯಾಗನ್ ಹಾಕಿಸಿಕೊಂಡ. 1891ರಲ್ಲಿ ರಷ್ಯಾದ ನಿಕೋಲಸ್, ಕೊನೆಯ ತ್ಸಾರ್ ಆದವನು, ನಾಗಸಾಕಿಯಲ್ಲಿ ಹಾಕಿಸಿಕೊಂಡ. ನಿಷೇಧ ತೆಗೆದದ್ದು 1948ರಲ್ಲಿ. ಹಚ್ಚೆ ಹಾಕಲು ವೈದ್ಯರ ಪರವಾನಗಿ ಬೇಕಿಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 2020ರಲ್ಲಿ. ಯಾಕುಜಾ ಗ್ಯಾಂಗುಗಳ ನೆರಳು ಮಾತ್ರ ಇನ್ನೂ ಪೂರ್ತಿ ಹೋಗಿಲ್ಲ. ಹಚ್ಚೆ ಇದ್ದವರನ್ನು ಒಳಗೆ ಬಿಡದ ಬಿಸಿನೀರ ಸ್ನಾನಗೃಹಗಳು ಅಲ್ಲಿ ಈಗಲೂ ಇವೆ.

ಖಾಲಿತೋಳು ಅವರೇ, ಈ ಶೈಲಿ ಬೇಕಾದರೆ ಹಿನ್ನೆಲೆಯನ್ನು ಮರೆಯಬೇಡಿ. ಗಾಳಿಯ ಪಟ್ಟೆ, ಅಲೆ, ಮೋಡ ಸೇರಿಯೇ ಚಿತ್ರ ಪೂರ್ತಿ ಆಗುವುದು. ಬರೀ ಡ್ರ್ಯಾಗನ್ ಹಾಕಿಸಿದರೆ ಸ್ಟಿಕರ್ ಅಂಟಿಸಿದಂತೆ ಕಾಣುತ್ತದೆ. ಮೇಲಕ್ಕೆ ಏರುವ ಡ್ರ್ಯಾಗನ್ ಬೇರೆ, ಕೆಳಗೆ ಇಳಿಯುವುದು ಬೇರೆ. ಎರಡಕ್ಕೂ ಬೇರೆ ಹೆಸರೇ ಇದೆ, ನೊಬೋರಿ ರ್ಯೂ ಮತ್ತು ಕುದಾರಿ ರ್ಯೂ.

ಕೆಂಪುರೆಕ್ಕೆ

ಎಲ್ಲರೂ ಪೂರ್ವದ ಕಡೆಗೇ ವಾಲಿದ್ದೀರಿ. ರೆಕ್ಕೆ ಇರುವ ಡ್ರ್ಯಾಗನ್ ಪರವಾಗಿಯೂ ಒಬ್ಬರು ಮಾತಾಡಬೇಕಲ್ವಾ?

ಯುರೋಪಿನ ಡ್ರ್ಯಾಗನ್ ಅಂದರೆ ಬರೀ ಕೆಟ್ಟದ್ದು ಅಂತ ಹೇಳಿದರೆ ವೇಲ್ಸ್ ಜನ ಒಪ್ಪುವುದಿಲ್ಲ. 9ನೇ ಶತಮಾನದ 'ಹಿಸ್ಟೋರಿಯಾ ಬ್ರಿಟೊನಮ್' ಅನ್ನುವ ಲ್ಯಾಟಿನ್ ಪುಸ್ತಕದಲ್ಲಿ ಕಥೆ ಇದೆ. ವೋರ್ಟಿಗರ್ನ್ ದೊರೆ ಬೆಟ್ಟದ ಮೇಲೆ ಕೋಟೆ ಕಟ್ಟಲು ಹೋಗುತ್ತಾನೆ. ತಂದ ಸಾಮಾನೆಲ್ಲ ರಾತ್ರೋರಾತ್ರಿ ಮಾಯ. ಒಬ್ಬ ಹುಡುಗ ಬಂದು, ಇಲ್ಲಿ ನೆಲದಡಿ ಕೊಳ ಇದೆ, ಅಗೆದು ನೋಡಿ ಅನ್ನುತ್ತಾನೆ. ಅಗೆದರೆ ಒಂದು ಕೆಂಪು, ಒಂದು ಬಿಳಿ ಸರ್ಪ ಕಾದಾಡುತ್ತಿವೆ. ಬಿಳಿಯದು ಮೊದಲು ಮೇಲುಗೈ ಆದರೂ ಕೊನೆಗೆ ಕೆಂಪು ಅದನ್ನು ಓಡಿಸುತ್ತದೆ. ಕೆಂಪು ನಮ್ಮ ಜನ, ಬಿಳಿ ಹೊರಗಿಂದ ಬಂದ ಸ್ಯಾಕ್ಸನ್ನರು ಅಂತ ಹುಡುಗ ಬಿಡಿಸಿ ಹೇಳುತ್ತಾನೆ. 1485ರಲ್ಲಿ ಬಾಸ್ವರ್ತ್ ಯುದ್ಧಕ್ಕೆ ಏಳನೇ ಹೆನ್ರಿ ಹೋದದ್ದು ಅದೇ ಕೆಂಪು ಡ್ರ್ಯಾಗನ್ ಬಾವುಟದ ಜೊತೆ. ಈಗಿನ ಧ್ವಜ ಅಧಿಕೃತವಾದದ್ದು 1959ರಲ್ಲಿ. ಸೋತಂತೆ ಕಂಡರೂ ಕೊನೆಗೆ ನೆಲ ಉಳಿಸಿಕೊಂಡ ಪ್ರಾಣಿ ಅದು. ಆ ಅರ್ಥ ಬೇಕಾದರೆ ರೆಕ್ಕೆಯ ಡ್ರ್ಯಾಗನ್ ಹಾಕಿಸಿ, ಹೆದರಬೇಡಿ.

ಒಂದು ಎಚ್ಚರಿಕೆ. ನಾಲ್ಕು ಕಾಲು ಇದ್ದರೆ ಡ್ರ್ಯಾಗನ್, ಎರಡೇ ಕಾಲು ಇದ್ದರೆ ವೈವರ್ನ್. ಬ್ರಿಟನ್ನಿನ ಲಾಂಛನ ಪದ್ಧತಿಯಲ್ಲಿ ಇದು ಪಕ್ಕಾ ನಿಯಮ.

ನಾರ್ಸ್, ಅಂದರೆ ಹಳೆಯ ಸ್ಕ್ಯಾಂಡಿನೇವಿಯಾದ ಡ್ರ್ಯಾಗನ್‌ಗಳನ್ನೂ ಈಗ ತುಂಬಾ ಜನ ಹಾಕಿಸುತ್ತಾರೆ. ನಾರ್ವೆಯ ಉರ್ನೆಸ್ ಮರದ ಚರ್ಚಿನಲ್ಲಿ 11ನೇ ಶತಮಾನದ ಕೆತ್ತನೆ ಇದೆ. ಸಣಕಲು ಪ್ರಾಣಿಗಳು ಒಂದನ್ನೊಂದು ಸುತ್ತಿಕೊಂಡು ಕಚ್ಚುವ ಆ ಗಂಟು ಮೈಮೇಲೆ ಅದ್ಭುತವಾಗಿ ಕೂರುತ್ತದೆ. ಆದರೆ ಹೆಸರು ನೋಡಿಕೊಳ್ಳಿ. ಫಾಫ್ನಿರ್ ಚಿನ್ನದ ಆಸೆಗೆ ತಂದೆಯನ್ನೇ ಕೊಂದು ಡ್ರ್ಯಾಗನ್ ಆದವನು. ನಿಧೋಗ್ ಜಗತ್ತಿನ ಮರದ ಬೇರನ್ನು ಕಡಿಯುತ್ತಾ ಕೂತಿರುವುದು. ಶಕ್ತಿ ಅಂತ ಒಂದೇ ಮಾತಲ್ಲಿ ಅವುಗಳ ಅರ್ಥ ಮುಗಿಯುವುದಿಲ್ಲ.

ಮಸಿಬೊಟ್ಟು

ನಾನು ಅರ್ಥದ ಬಗ್ಗೆ ಹೇಳಲು ಬಂದಿಲ್ಲ. ಅಳತೆಯ ಬಗ್ಗೆ ಒಂದು ಮಾತು, ನನಗಾದದ್ದು ಇನ್ನೊಬ್ಬರಿಗೆ ಆಗಬಾರದು ಅಂತ.

ಏಳು ವರ್ಷದ ಹಿಂದೆ ಮುಂಗೈ ಒಳಭಾಗದಲ್ಲಿ ಒಂದು ಡ್ರ್ಯಾಗನ್ ಹಾಕಿಸಿದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಅದರಲ್ಲೇ ಹುರುಪೆ, ಮೀಸೆ, ಉಗುರು ಎಲ್ಲವೂ ಬೇಕು ಅಂತ ಕೇಳಿದೆ. ಹಾಕಿದವರು ಬೇಡ ಅನ್ನಲಿಲ್ಲ. ಮೊದಲ ವರ್ಷ ಎಲ್ಲರೂ ಕೈ ಹಿಡಿದು ನೋಡುತ್ತಿದ್ದರು. ಈಗ ಹುರುಪೆಗಳ ನಡುವಿನ ಖಾಲಿ ಜಾಗ ಮುಚ್ಚಿಹೋಗಿದೆ. ಮೈ ಪೂರಾ ಒಂದೇ ಬೂದು ಪಟ್ಟಿ. ಹೋದ ತಿಂಗಳು ಒಂದು ಪುಟ್ಟ ಮಗು ಬೆರಳಿಟ್ಟು, "ಇದು ಹಗ್ಗಾನಾ?" ಅಂತ ಕೇಳಿತು. ಆವತ್ತು ನಿಜವಾಗಿ ನೋವಾಯಿತು.

ಇನ್ನೊಂದು. ಸ್ಟೆನ್ಸಿಲ್, ಅಂದರೆ ಸೂಜಿ ಹಾಕುವ ಮುಂಚೆ ಚರ್ಮದ ಮೇಲೆ ಮೂಡಿಸುವ ಗೆರೆಚಿತ್ರ, ಅಂಟಿಸುವಾಗ ನನ್ನ ಕೈ ಮೇಜಿನ ಮೇಲೆ ಅಂಗೈ ಮೇಲಾಗಿ ಇತ್ತು. ಎದ್ದು ಕೈ ಇಳಿಬಿಟ್ಟರೆ ಮುಂಗೈ ತಿರುಗುತ್ತದೆ, ಅದರ ಜೊತೆ ತಲೆಯೂ ಸೊಟ್ಟಗೆ ತಿರುಗುತ್ತದೆ. ಸ್ಟೆನ್ಸಿಲ್ ಹಾಕಿದ ಮೇಲೆ ಎದ್ದು ನಿಂತು, ಕೈ ಸಹಜವಾಗಿ ಬಿಟ್ಟು, ಕನ್ನಡಿಯಲ್ಲಿ ನೋಡಿ. ಸರಿ ಇಲ್ಲದಿದ್ದರೆ ಒರೆಸಿ ಮತ್ತೆ ಹಾಕಿಸಿ. ಮುಜುಗರ ಪಡಬೇಡಿ.

ಸೂಜಿಮೊನೆ

ಮಸಿಬೊಟ್ಟು ಅವರೇ, ಬೇಸರವಾಯಿತು. ಅದರಲ್ಲಿ ನಿಮ್ಮ ತಪ್ಪಿಲ್ಲ, ಅಳತೆ ಹೇಳಬೇಕಾದದ್ದು ಹಾಕುವವರ ಕೆಲಸ. ಶಾಯಿ ಕೂರುವುದು ಚರ್ಮದ ಎರಡನೇ ಪದರದಲ್ಲಿ. ಅಲ್ಲಿನ ಜೀವಕೋಶಗಳು ಅದನ್ನು ನುಂಗಿ ಹಿಡಿದುಕೊಂಡಿರುತ್ತವೆ. ವರ್ಷ ಕಳೆದಂತೆ ಪ್ರತಿ ಗೆರೆಯೂ ಸ್ವಲ್ಪ ಹರಡುತ್ತದೆ. ಒಂದು ಹುರುಪೆಗೂ ಇನ್ನೊಂದಕ್ಕೂ ನಡುವೆ ಉಸಿರಾಡಲು ಜಾಗ ಇರಬೇಕು. ಜಾಗ ಇಲ್ಲ ಅಂದರೆ ಹುರುಪೆ ಕಡಿಮೆ ಮಾಡಬೇಕು. ಬಿಸಿಲಿಗೆ ಜಾಸ್ತಿ ಒಡ್ಡಿದರೆ ಬಣ್ಣವೂ ಬೇಗ ಮಾಸುತ್ತದೆ. ನಿಮ್ಮದನ್ನು ಕವರ್ ಅಪ್ ಮಾಡಬಹುದು, ಅಂದರೆ ಅದರ ಮೇಲೇ ಹೊಸ ಟ್ಯಾಟೂ ಹಾಕಿ ಮುಚ್ಚಬಹುದು. ದೊಡ್ಡ ಡ್ರ್ಯಾಗನ್ ಒಂದರ ಹೊಟ್ಟೆಯ ನೆರಳಿನಲ್ಲಿ ಅದು ಸೇರಿಹೋಗುತ್ತದೆ. ಆಸೆ ಬಿಡಬೇಡಿ.

ಗುಬ್ಬಿಗೂಡು

ಇನ್ನೊಂದು ಪ್ರಶ್ನೆ. ಬೇರೆಯವರ ಸಂಸ್ಕೃತಿಯ ಚಿತ್ರವನ್ನು ನಾವು ಮೈಮೇಲೆ ಹಾಕಿಸಿಕೊಳ್ಳುವುದು ಸರಿಯಾ?

ಅಲೆಗೆರೆ

ನಾನು ಸರಿ ಅಂತಲೇ ಹೇಳುತ್ತೇನೆ. ಜಪಾನಿನವರು ಈ ಡ್ರ್ಯಾಗನ್ ಪಡೆದದ್ದೇ ಚೀನಾದಿಂದ. ಆದರೆ ತಿಳಿದುಕೊಂಡು ಹಾಕಿಸಿ. ಕೇಳಿದವರಿಗೆ ಅದರ ಕಥೆ ಹೇಳುವಷ್ಟಾದರೂ ಗೊತ್ತಿರಬೇಕು.

ಹಳೆಪುಟ

ನನಗೆ ಅಷ್ಟು ಸಲೀಸಲ್ಲ. ಕಥೆ ಹೇಳಲು ಬಂದರೆ ಸಾಕು ಅನ್ನಿಸುವುದಿಲ್ಲ. ಕೆಲವು ಗುರುತುಗಳನ್ನು ಕೆಲವರು ಗಳಿಸಿ ಪಡೆಯುತ್ತಿದ್ದರು. ಹಿಂದೆ ನಾವಿಕರಲ್ಲಿ ಡ್ರ್ಯಾಗನ್ ಹಚ್ಚೆ ಅಂದರೆ ಪೂರ್ವ ಏಷ್ಯಾದ ಕಡಲಲ್ಲಿ ಕೆಲಸ ಮಾಡಿ ಬಂದವನು ಅಂತ. ಚಿನ್ನದ ಬಣ್ಣದ್ದು ಇದ್ದರೆ ಅಂತರರಾಷ್ಟ್ರೀಯ ದಿನರೇಖೆ ದಾಟಿದವನು. ಅಂಥದ್ದನ್ನು ನಾನಂತೂ ಹಾಕಿಸಲಾರೆ. ಮಳೆ ತರುವ ಡ್ರ್ಯಾಗನ್ ಎಲ್ಲರಿಗೂ ಸೇರಿದ್ದು, ಅದರಲ್ಲಿ ತಕರಾರಿಲ್ಲ.

ದೋಣಿಪಯಣ

ತಡವಾಗಿ ಬಂದೆ, ಕ್ಷಮಿಸಿ. ವಿಯೆಟ್ನಾಂ ಬಗ್ಗೆ ಯಾರೂ ಹೇಳಿಲ್ಲ. ನನ್ನ ಪ್ರಕಾರ ಡ್ರ್ಯಾಗನ್ ಹಚ್ಚೆಯ ಬೇರು ಇರುವುದೇ ಆ ಕಡೆ.

ಚೀನಾದ ಹಾನ್ ಕಾಲದ ಇತಿಹಾಸ ಪುಸ್ತಕದಲ್ಲಿ ದಕ್ಷಿಣದ ಯುವೆ ಜನರ ಬಗ್ಗೆ ಬರೆದಿದೆ. ಅವರು ಕೂದಲು ಕತ್ತರಿಸಿ, ಮೈಗೆ ಹಚ್ಚೆ ಹಾಕಿಕೊಳ್ಳುತ್ತಾರೆ, ನೀರಿನ ಡ್ರ್ಯಾಗನ್‌ಗಳ ಕಾಟದಿಂದ ತಪ್ಪಿಸಿಕೊಳ್ಳಲು. ಅದಕ್ಕೆ ಟೀಕೆ ಬರೆದ ಯಿಂಗ್ ಶಾವ್ ಇನ್ನೂ ಬಿಡಿಸಿ ಹೇಳುತ್ತಾನೆ: ಅವರು ಯಾವಾಗಲೂ ನೀರಲ್ಲೇ ಇರುವವರು. ಡ್ರ್ಯಾಗನ್ ಮಕ್ಕಳಂತೆ ಕಾಣಲಿ ಅಂತ ಹಚ್ಚೆ ಹಾಕುತ್ತಾರೆ, ಆಗ ಅವರಿಗೆ ಏಟಾಗುವುದಿಲ್ಲ.

ವಿಯೆಟ್ನಾಂ ಜನರ ಹಳೆಯ ಕಥೆಯಲ್ಲೂ ಇದೇ ಇದೆ. ಡ್ರ್ಯಾಗನ್ ಕುಲದ ಲಾಕ್ ಲಾಂಗ್ ಕ್ವಾನ್, ಬೆಟ್ಟದ ಅಪ್ಸರೆ ಔ ಕೋ. ಅವರಿಗೆ ನೂರು ಮೊಟ್ಟೆ, ನೂರು ಮಕ್ಕಳು. ಐವತ್ತು ಜನ ತಾಯಿ ಜೊತೆ ಬೆಟ್ಟಕ್ಕೆ, ಐವತ್ತು ಜನ ತಂದೆ ಜೊತೆ ನೀರಿನ ಕಡೆಗೆ. ಇವತ್ತಿಗೂ ಅವರು ತಮ್ಮನ್ನು ಡ್ರ್ಯಾಗನ್ ಮಕ್ಕಳು ಅಂತಲೇ ಕರೆದುಕೊಳ್ಳುತ್ತಾರೆ. ಮೀನು ಹಿಡಿಯುವವರಿಗೆ ನೀರಿನ ಸರ್ಪಗಳ ಕಾಟ ಜಾಸ್ತಿಯಾದಾಗ ಮೈಮೇಲೆ ನೀರಿನ ಪ್ರಾಣಿಗಳ ಚಿತ್ರ ಬರೆದುಕೊಂಡರು, ಆಮೇಲೆ ಕಾಟ ನಿಂತಿತು.

ತ್ರಾನ್ ವಂಶದ ದೊರೆಗಳು ಇದನ್ನು ತೊಡೆಯ ಮೇಲೆ ಉಳಿಸಿಕೊಂಡಿದ್ದರು. ಅವರ ಹಿರಿಯರು ನದಿಯ ತಗ್ಗಿನ ಜನ. ದೊರೆಯಾದರೂ ಬೇರು ಮರೆಯಬಾರದು ಅಂತ ತೊಡೆಯ ಮೇಲೆ ಡ್ರ್ಯಾಗನ್. 1299ರಲ್ಲಿ ಒಂದು ಘಟನೆ ದಾಖಲಾಗಿದೆ. ಪಟ್ಟ ಬಿಟ್ಟುಕೊಟ್ಟಿದ್ದ ತಂದೆ ನ್ಯಾನ್ ತೋಂಗ್, ದೊರೆಯಾದ ಮಗ ಆನ್ ತೋಂಗ್‌ಗೆ ಹಚ್ಚೆ ಹಾಕಿಸಲು ಹೇಳುತ್ತಾನೆ. ಹಚ್ಚೆಗಾರ ಬಾಗಿಲ ಹೊರಗೆ ಕಾದು ನಿಂತಿದ್ದಾನೆ. ತಂದೆ ಆ ಕಡೆ ತಿರುಗಿದ್ದೇ ತಡ, ಮಗ ಮೆಲ್ಲಗೆ ಎದ್ದು ಬೇರೆ ಅರಮನೆಗೆ ಹೊರಟುಹೋಗುತ್ತಾನೆ. ತಂದೆ ಬಲವಂತ ಮಾಡಲಿಲ್ಲ. ಅಲ್ಲಿಂದ ಮುಂದೆ ಆ ವಂಶದ ದೊರೆಗಳು ಹಚ್ಚೆ ಹಾಕಿಸಲಿಲ್ಲ.

ಅದಕ್ಕೂ ಹಿಂದಿನ ಲೀ ವಂಶದ ಕಾಲದ ಡ್ರ್ಯಾಗನ್ ನನಗೆ ಎಲ್ಲಕ್ಕಿಂತ ಸುಂದರ. ತೆಳ್ಳಗಿನ ನುಣುಪು ಮೈ, ಅಲೆ ಅಲೆಯಾಗಿ ಬಳುಕುತ್ತಾ ಬಾಲದ ಕಡೆಗೆ ಸಣ್ಣದಾಗುತ್ತಾ ಹೋಗುತ್ತದೆ. ತಲೆಯ ಮೇಲೆ ಜ್ವಾಲೆಯಂಥ ಜುಟ್ಟು. ಕಾಲಿಗೆ ಸಾಮಾನ್ಯವಾಗಿ ಮೂರು ಬೆರಳು. ನೋಡಿದರೆ ನೀರಲ್ಲಿ ಹೋಗುತ್ತಿದೆ ಅಂತಲೇ ಅನ್ನಿಸುತ್ತದೆ.

ಖಾಲಿತೋಳು

ದೋಣಿಪಯಣ ಅವರೇ, ನಿಮ್ಮ ಬರಹವನ್ನು ನಾಲ್ಕು ಸಲ ಓದಿದೆ. ಈಗ ಕಾರಣ ಹೇಳುತ್ತೇನೆ.

ಒಂಬತ್ತು ವರ್ಷದವನಿದ್ದಾಗ ನಾನು ನೀರಲ್ಲಿ ಮುಳುಗಿದ್ದೆ. ಹಸಿರು ಬೆಳಕು, ಕಿವಿಯಲ್ಲಿ ಗುಂಯ್ ಅನ್ನುವ ಸದ್ದು, ಆಮೇಲೆ ಯಾರೋ ಕೂದಲು ಹಿಡಿದು ಎಳೆದದ್ದು, ಇಷ್ಟೇ ನೆನಪು. ಅದಾದ ಮೇಲೆ ಮೊಣಕಾಲುದ್ದ ನೀರಿಗೂ ಇಳಿದವನಲ್ಲ. ಮೂವತ್ತೊಂದನೇ ವಯಸ್ಸಿನಲ್ಲಿ ಈಜು ಕಲಿಯಲು ಸೇರಿದೆ. ಮೊದಲ ಎಂಟು ದಿನ ಮೆಟ್ಟಿಲ ಮೇಲೆ ಕೂತು ಕಾಲು ಮಾತ್ರ ನೆನೆಸಿದೆ. ಈಗ ನಿಲ್ಲದೆ ಒಂದು ಕಿಲೋಮೀಟರ್ ಈಜುತ್ತೇನೆ. ಅದರ ಗುರುತಿಗೆ ಏನಾದರೂ ಬೇಕಿತ್ತು. ಡ್ರ್ಯಾಗನ್ ಅಂದರೆ ಶಕ್ತಿ ಅಂತಷ್ಟೇ ಗೊತ್ತಿತ್ತು, ಅದಕ್ಕೇ ಬೆಂಕಿ, ರೆಕ್ಕೆ ಎಲ್ಲ ಬರೆದಿದ್ದೆ. ನೀರು ತನ್ನ ಮಗು ಅಂತ ಗುರುತು ಹಿಡಿಯಲಿ ಅಂತ ಹಚ್ಚೆ ಹಾಕಿಸಿಕೊಂಡ ಜನ ಇದ್ದರು ಅಂತ ಗೊತ್ತಿರಲಿಲ್ಲ.

ರೆಕ್ಕೆ ಅಳಿಸಿದೆ. ಬೆಂಕಿ ಅಳಿಸಿದೆ. ತೋಳು ಬೇಡ, ತೊಡೆ ಇರಲಿ ಅನ್ನಿಸುತ್ತಿದೆ. ಈಜುವಾಗ ಕೆಲಸ ಮಾಡುವುದೂ ಅದೇ. ಲೀ ಕಾಲದ ತೆಳ್ಳಗಿನ ಮೈ, ಮೂರು ಬೆರಳು, ಸುತ್ತ ಅಲೆ. ಸೂಜಿಮೊನೆ ಅವರೇ, ಇದು ತೊಡೆಯ ಮೇಲೆ ಕೂರುತ್ತದಾ?

ಸೂಜಿಮೊನೆ

ತುಂಬಾ ಚೆನ್ನಾಗಿ ಕೂರುತ್ತದೆ. ತೊಡೆಯ ಹೊರಭಾಗ ಅಗಲವಾಗಿದೆ, ಬಿಸಿಲು ಕಡಿಮೆ, ನೋವೂ ಒಳಭಾಗಕ್ಕಿಂತ ಕಡಿಮೆ. ಬಾಲ ಮೊಣಕಾಲ ಮೇಲೆ ಶುರುವಾಗಲಿ, ಮೈ ಬಳುಕುತ್ತಾ ಏರಲಿ, ತಲೆ ಸೊಂಟದ ಹತ್ತಿರ ಬಂದು ಮುಂದಕ್ಕೆ ನೋಡಲಿ. ಹಿಂದಕ್ಕೆ ನೋಡಿದರೆ ನೀವು ನಡೆಯುವಾಗ ಅದು ಓಡಿಹೋಗುತ್ತಿರುವಂತೆ ಕಾಣುತ್ತದೆ. ಹಾಕಿಸುವ ಮುನ್ನ ನಿಂತು, ಕೂತು, ಮಂಡಿ ಮಡಚಿ, ಮೂರೂ ಭಂಗಿಯಲ್ಲಿ ಸ್ಟೆನ್ಸಿಲ್ ನೋಡಿ.

ಜುಟ್ಟಿಗೆ ಕೆಂಪು ಹಾಕಿಸುವುದಿದ್ದರೆ ಮೊದಲು ಒಂದು ಸಣ್ಣ ಚುಕ್ಕೆ ಹಾಕಿಸಿ ಕೆಲವು ವಾರ ಕಾಯಿರಿ. ಅಲರ್ಜಿ ಹೆಚ್ಚಾಗಿ ಕಾಣಿಸುವುದು ಕೆಂಪು ಶಾಯಿಯಲ್ಲೇ. ಚುಕ್ಕೆ ಸರಿ ಇದ್ದ ಮೇಲೂ ತಡವಾಗಿ ಬರುವುದುಂಟು. ಕಪ್ಪು, ಬೂದು ಎರಡರಲ್ಲೇ ಮಾಡಿದರೂ ಅಲೆಗಳು ಚೆನ್ನಾಗಿ ಬರುತ್ತವೆ.

ಮುಖ್ಯವಾದ ಮಾತು: ಗಾಯ ಪೂರ್ತಿ ಮಾಗುವವರೆಗೆ ಈಜುಕೊಳ, ಕೆರೆ, ಸಮುದ್ರ ಯಾವುದೂ ಬೇಡ. ಮೇಲಿನ ಚರ್ಮ ಕೂಡಿಕೊಳ್ಳಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ. ಸ್ನಾನ ಮಾಡಬಹುದು, ನೆನೆಸಿಡಬಾರದು. ನಿಮಗೆ ಇದೇ ಕಷ್ಟ ಆಗಬಹುದು ಅಂತ ಹೇಳುತ್ತಿದ್ದೇನೆ.

ಹಳೆಪುಟ

ಕಣ್ಣು ಕೊನೆಗೆ ಹಾಕಿಸಿ. ಚೀನಾದ ಲಿಯಾಂಗ್ ರಾಜವಂಶದ ಕಾಲದ ಚಿತ್ರಕಾರ ಜಾಂಗ್ ಸೆಂಗ್‌ಯೌ ದೇವಾಲಯದ ಗೋಡೆಯ ಮೇಲೆ ನಾಲ್ಕು ಡ್ರ್ಯಾಗನ್ ಬರೆದು, ಕಣ್ಣಿನ ಪಾಪೆ ಮಾತ್ರ ಬಿಟ್ಟಿದ್ದನಂತೆ. ಬರೆದರೆ ಹಾರಿಹೋಗುತ್ತವೆ ಅಂದ. ಜನ ನಂಬಲಿಲ್ಲ. ಎರಡಕ್ಕೆ ಬೊಟ್ಟಿಟ್ಟ. ಸಿಡಿಲು ಹೊಡೆದು ಗೋಡೆ ಬಿರಿಯಿತು, ಆ ಎರಡು ಮೋಡಕ್ಕೆ ಏರಿದವು. ಪಾಪೆ ಇಲ್ಲದ ಎರಡು ಅಲ್ಲೇ ಉಳಿದವು.

ಮಸಿಬೊಟ್ಟು

ಖಾಲಿತೋಳು ಅವರೇ, ಆದ ಮೇಲೆ ಚಿತ್ರ ಹಾಕಿ. ನಾನೂ ಕವರ್ ಅಪ್ ಬಗ್ಗೆ ವಿಚಾರಿಸಲು ಶುರು ಮಾಡಿದ್ದೇನೆ.

ಖಾಲಿತೋಳು

ದಿನ ಗೊತ್ತಾಯಿತು. ಎರಡು ಸಿಟ್ಟಿಂಗ್. ಮೊದಲನೆಯದರಲ್ಲಿ ಗೆರೆ, ಮಾಗಿದ ಮೇಲೆ ಎರಡನೆಯದರಲ್ಲಿ ಅಲೆ ಮತ್ತು ನೆರಳು. ಪಾಪೆ ಕಟ್ಟಕಡೆಗೆ ಇಡಬೇಕು ಅಂತ ಹೇಳಿದ್ದೇನೆ, ಅವರು ಒಪ್ಪಿದ್ದಾರೆ. ಕೆಂಪು ಬೇಡ ಅಂತ ನಿರ್ಧರಿಸಿದೆ. ಹಿಂದಿನ ದಿನ ಬೆಳಿಗ್ಗೆ ಕೊಳಕ್ಕೆ ಹೋಗಿ ಬರುತ್ತೇನೆ, ಆಮೇಲೆ ನಾಲ್ಕು ವಾರ ರಜೆ. ಗೆಳೆಯನಿಗೆ ಹೊಸ ಚಿತ್ರ ಕಳಿಸಿದ್ದೆ. ಈ ಸಲ ಅವನು ಯಾರದು ಅಂತ ಕೇಳಲಿಲ್ಲ. ಅಲೆ ಇನ್ನೂ ಸ್ವಲ್ಪ ಎತ್ತರಕ್ಕೆ ಬರಲಿ, ಹೊಟ್ಟೆಗೆ ತಾಗಲಿ ಅಂದ. ತಿದ್ದುತ್ತಿದ್ದೇನೆ.